ಕಡಿಮೆ ಓಡಿದ ಗಾಡಿಗೆ ಸರ್ವೀಸ್ ಯಾಕೆ?

ಪ್ರಶ್ನೆ: ನಮ್ಮದು ಐದು ಸೀಟಿನ ಕ್ರಾಸ್‌ಓವರ್. ಟರ್ಬೊ ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರು. ತೆಗೆದುಕೊಂಡು ಮೂರು ವರ್ಷ ತುಂಬುತ್ತಾ ಬಂತು, ಓಡಿದ್ದು 19,000 ಕಿ.ಮೀ. ಮಾತ್ರ. ಮಕ್ಕಳನ್ನು ಶಾಲೆಗೆ ಬಿಡುವುದು, ಅಲ್ಲಿಂದ ಆಫೀಸು, ಸಂಜೆ ವಾಪಸ್ಸು. ಒಂದೊಂದು ಓಟವೂ ನಾಲ್ಕೈದು ಕಿ.ಮೀ. ದಾಟುವುದಿಲ್ಲ. ಈಚೆಗೆ ಮೈಲೇಜ್ ಇಳಿದಿದೆ, ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬರುತ್ತದೆ, ರಸ್ತೆ ಕಿತ್ತುಹೋದ ಕಡೆ ಮುಂಭಾಗದಿಂದ ಕಟಕಟ ಸದ್ದು. ಸರ್ವೀಸ್ ಸೆಂಟರಿನವರು ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಬ್ರೇಕ್ ಫ್ಲೂಯಿಡ್, ಅಲೈನ್‌ಮೆಂಟ್, ಎಸಿ ಡಿಸ್‌ಇನ್ಫೆಕ್ಷನ್ ಎಂದು ಉದ್ದದ ಪಟ್ಟಿ ಕೊಟ್ಟಿದ್ದಾರೆ. ನಮ್ಮ ಯಜಮಾನರು, ‘ಇಷ್ಟು ಕಡಿಮೆ ಓಡಿದ ಗಾಡಿಗೆ ಏನೂ ಬೇಡ, ಸರ್ವೀಸನ್ನೇ ಮುಂದಕ್ಕೆ ಹಾಕು’ ಅನ್ನುತ್ತಾರೆ. ಇನ್ನೂ ಏಳೆಂಟು ವರ್ಷ ಈ ಗಾಡಿಯನ್ನೇ ಇಟ್ಟುಕೊಳ್ಳುವ ಯೋಚನೆ. ಯಾವುದು ಮಾಡಿಸಲಿ, ಯಾವುದು ಬಿಡಲಿ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತನ್ನೇ ತೆಗೆದುಕೊಳ್ಳುತ್ತೇನೆ. ಕಡಿಮೆ ಓಡಿದ ಗಾಡಿ ಕಡಿಮೆ ಸವೆದಿರುತ್ತದೆ ಎನ್ನುವುದು ಹೈವೇಯಲ್ಲಿ ಓಡುವ ಗಾಡಿಯ ಮಟ್ಟಿಗೆ ಸರಿ. ದಿನಕ್ಕೆ ಮೂರ್ನಾಲ್ಕು ಸಲ ತಣ್ಣಗೆ ಸ್ಟಾರ್ಟ್ ಆಗಿ, ಬಿಸಿಯೇರುವ ಹೊತ್ತಿಗೆ ಆಫ್ ಆಗುವ ಗಾಡಿಗೆ ಆ ಲೆಕ್ಕ ತಲೆಕೆಳಗು. ನಾಲ್ಕೈದು ಕಿ.ಮೀ. ಓಟಗಳಲ್ಲಿ 19,000 ಸೇರಿಸಬೇಕಾದರೆ ಎಂಜಿನ್ ನಾಲ್ಕು ಸಾವಿರ ಸಲದ ಆಸುಪಾಸು ಸ್ಟಾರ್ಟ್ ಆಗಿರಬೇಕು. ಅಷ್ಟೇ ದೂರವನ್ನು ಊರಿಂದೂರಿಗೆ ಓಡಿಸುವವರ ಎಂಜಿನ್ ಅದರ ಹತ್ತನೇ ಒಂದು ಪಾಲೂ ಕಂಡಿರುವುದಿಲ್ಲ.

ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಆ ಹೆಚ್ಚುವರಿ ಪೆಟ್ರೋಲಿನಲ್ಲಿ ಒಂದಿಷ್ಟು ಸಿಲಿಂಡರಿನ ತಣ್ಣನೆ ಗೋಡೆಗೆ ಅಂಟಿ, ಉರಿಯದೆ, ಪಿಸ್ಟನ್ ರಿಂಗಿನ ಸಂದಿನಲ್ಲಿ ಇಳಿದು ಆಯಿಲ್‌ಗೆ ಸೇರುತ್ತದೆ. ಉರಿದದ್ದರಿಂದ ಹುಟ್ಟುವ ನೀರಾವಿಯೂ ಹನಿಗಟ್ಟಿ ಅಲ್ಲಿಗೇ ಬರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ, ಕಾಯದಿದ್ದರೆ ಅಲ್ಲೇ ಕೂರುತ್ತವೆ. ಟೆಂಪರೇಚರ್ ಮುಳ್ಳು ನಡುವಿಗೆ ಬಂತಲ್ಲ ಎಂದು ಸಮಾಧಾನಪಡಬೇಡಿ. ಅದು ತೋರಿಸುವುದು ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲಂಟಿನ ಬಿಸಿಯನ್ನು, ಆಯಿಲ್ ಕಾಯುವುದು ಅದಕ್ಕಿಂತ ನಿಧಾನ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ನಿಮ್ಮದಾಗಿದ್ದರೆ ಈ ಬೆರಕೆ ಇನ್ನೂ ಹೆಚ್ಚು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ತಿರುಗುವುದೂ ಇದೇ ಆಯಿಲ್‌ನ ತೆಳು ಪದರದ ಮೇಲೆ, ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತು. ಪೆಟ್ರೋಲ್ ಬೆರೆತು ತೆಳ್ಳಗಾದ ಆಯಿಲ್ ಅಲ್ಲಿ ಎಷ್ಟು ದಿನ ತಡೆದೀತು?

ನೋಡಿಕೊಳ್ಳುವುದು ಸುಲಭ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ, ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಮೇಲಿನ ಗೆರೆಯನ್ನು ದಾಟಿ ಏರಿದ್ದರೆ ಆಯಿಲ್ ‘ಬೆಳೆದಿದೆ’ ಎಂದರ್ಥ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆಯೂ ಹೊಡೆಯುತ್ತದೆ. ಆಯಿಲ್ ಸುರಿಯುವ ಮುಚ್ಚಳದ ಒಳಗೆ ಬಿಳಿ ನೊರೆಯಂಥದ್ದು ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನೊಳಗೆ ಕೂಲಂಟೂ ಆಯಿಲೂ ಬೆರೆಯದಂತೆ ತಡೆಯುವ ಸೀಲು) ಹೋಯಿತೆಂದು ಹೆದರಿಸುವವರಿದ್ದಾರೆ. ಚಿಕ್ಕ ಓಟದ ಗಾಡಿಗಳಲ್ಲಿ ಅದು ಬಹುತೇಕ ಹನಿಗಟ್ಟಿದ ನೀರಾವಿ. ಜೊತೆಗೆ ಕೂಲಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಚಿಂತೆಯ ವಿಷಯ.

ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ತೆರೆದು ನೋಡಿ. ಸರ್ವೀಸ್ ವೇಳಾಪಟ್ಟಿ ಬಹಳ ಕಂಪನಿಗಳಲ್ಲಿ ಎರಡು ಇರುತ್ತದೆ: ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಕಠಿಣ ಅಂದರೆ ಬೆಟ್ಟ ಹತ್ತುವುದು, ಮರುಭೂಮಿ ದಾಟುವುದು ಎಂದುಕೊಂಡು ಜನ ಆ ಪುಟವನ್ನು ಓದುವುದೇ ಇಲ್ಲ. ಓದಿದರೆ ಚಿಕ್ಕ ಓಟ, ನಿಂತು ನಿಂತು ಸಾಗುವ ಟ್ರಾಫಿಕ್, ಧೂಳು ಎಲ್ಲ ಅದರಲ್ಲೇ ಸಿಗುತ್ತವೆ. ಅಂದರೆ ನಿಮ್ಮ ಶಾಲೆಯ ಓಟ ಕಠಿಣ ಬಳಕೆ! ಸಾಮಾನ್ಯ ಪಟ್ಟಿ ವರ್ಷಕ್ಕೊಮ್ಮೆ ಎಂದಿದ್ದರೆ ನೀವು ಆರು ತಿಂಗಳಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ದಪ್ಪ ಆಯಿಲ್ ಹಾಕಿದರೆ ಎಂಜಿನ್‌ಗೆ ರಕ್ಷಣೆ ಜಾಸ್ತಿ ಎಂಬ ಸಲಹೆ ಬಂದರೆ ಕಿವಿಗೊಡಬೇಡಿ. ಆಯಿಲ್ ಎಷ್ಟು ದಪ್ಪ ಎಂಬುದಕ್ಕೆ ಮ್ಯಾನ್ಯುಯಲ್ 0ಡಬ್ಲ್ಯೂ-20 ಅಂದರೆ ಅದೇ, 5ಡಬ್ಲ್ಯೂ-30 ಅಂದರೆ ಅದೇ. ಆ ಅಂಕಿಯ ಜೊತೆ ಬರೆದಿರುವ ಗುಣಮಟ್ಟದ ಸಂಕೇತವೂ ಡಬ್ಬಿಯ ಮೇಲೆ ಇರಬೇಕು. ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಎಡೆಬಿಡದೆ ಓಡಿಸಿದರೆ ಆಯಿಲ್‌ಗೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು.

ಬ್ಯಾಟರಿ ಅಂದೆ. ಒಂದು ಸಲ ಸ್ಟಾರ್ಟ್ ಮಾಡಲು ಹೀರಿದ ಕರೆಂಟನ್ನು ಐದು ಕಿ.ಮೀ.ನಲ್ಲಿ, ಅದರಲ್ಲೂ ಎಸಿ, ಹೆಡ್‌ಲೈಟ್ ಹಾಕಿಕೊಂಡು, ತುಂಬಿಸಿಕೊಳ್ಳುವುದು ಕಷ್ಟ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದು, ಈಚೆಗೆ ಅದು ಕೆಲಸ ಮಾಡುವುದನ್ನು ನಿಲ್ಲಿಸಿದ್ದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಬದಲಿಸುವಾಗ ಅಂಥ ಗಾಡಿಗಳಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆದುಕೊಳ್ಳುವ ಎಜಿಎಂ ಅಥವಾ ಇಎಫ್‌ಬಿ ಜಾತಿಯ ಬ್ಯಾಟರಿಯೇ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮಾಮೂಲಿ ಬ್ಯಾಟರಿ ಕೂರಿಸಿದರೆ ಬೇಗ ಸಾಯುತ್ತದೆ.

ಈಗ ಅವರ ಪಟ್ಟಿಗೆ ಬರೋಣ.

ಎಂಜಿನ್ ಫ್ಲಶ್ ಬೇಡ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾದ ಮೂರು ವರ್ಷದ ಎಂಜಿನ್‌ನಲ್ಲಿ ತೊಳೆಯುವಂಥ ಕೊಳೆ ಇರುವುದಿಲ್ಲ. ಇದ್ದರೂ ಅದು ಒಮ್ಮೆಲೇ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುವುದು ಇನ್ನೂ ಕೆಟ್ಟದ್ದು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕ್ಲೀನಿಂಗ್ ಕೂಡ ಬೇಡ, ಆದರೆ ಅದರ ಹಿಂದೆ ಒಂದು ನಿಜವಾದ ಸಂಗತಿ ಇದೆ. ಹಳೆಯ ಎಂಜಿನ್‌ಗಳಲ್ಲಿ ಪೆಟ್ರೋಲ್, ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೇ ಬಿದ್ದು ಅದನ್ನು ತೊಳೆಯುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಅಲ್ಲಿ ಸುಳಿಯುವುದೇ ಇಲ್ಲವಾದ್ದರಿಂದ ಆಯಿಲ್ ಆವಿ ಒಣಗಿ ಇಂಗಾಲದ ಹೊಪ್ಪಳೆ ಕಟ್ಟುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುವುದು, ಮಿಸ್‌ಫೈರ್ ಆಗುವುದು (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದಿರುವುದು) ಅದರ ಲಕ್ಷಣ. ಟ್ಯಾಂಕಿಗೆ ಸುರಿಯುವ ಯಾವ ಬಾಟಲಿಯೂ ಆ ಹೊಪ್ಪಳೆಯನ್ನು ಮುಟ್ಟುವುದಿಲ್ಲ, ಯಾಕೆಂದರೆ ಪೆಟ್ರೋಲೇ ಅಲ್ಲಿಗೆ ಹೋಗುವುದಿಲ್ಲ. ಇನ್‌ಟೇಕ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದಿ ಕೆರೆಯುವುದು ಅದಕ್ಕಿರುವ ಸರಿಯಾದ ಮದ್ದು. ಲಕ್ಷಣ ಇಲ್ಲದ ಗಾಡಿಗೆ ಅದೂ ಬೇಡ.

ಬ್ರೇಕ್ ಫ್ಲೂಯಿಡ್ ಖಂಡಿತ ಮಾಡಿಸಿ. ಇದಕ್ಕೂ ಕಿ.ಮೀ.ಗೂ ಸಂಬಂಧವೇ ಇಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಹೀರುತ್ತದೆ, ಗಾಡಿ ಮನೆಯ ಮುಂದೆ ನಿಂತಿದ್ದರೂ ಹೀರುತ್ತದೆ. ಡಾಟ್ 4 ಎನ್ನುವ ಜಾತಿಯದು ಹೊಸತಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದಿನದ ಓಡಾಟದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು, ಉದ್ದನೆಯ ಇಳಿಜಾರು, ಕಾಲು ಬ್ರೇಕಿನ ಮೇಲೆಯೇ ಎಂಬ ದಿನ ಬರುತ್ತದಲ್ಲ, ಅಂದು ಫ್ಲೂಯಿಡ್ ಕುದ್ದು ಗುಳ್ಳೆಯೆದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಿಮ್ಮದು ಮೂರಕ್ಕೆ ಬಂದಿದೆ.

ಚಕ್ರಗಳನ್ನು ನೇರ ಕೂರಿಸುವ ಅಲೈನ್‌ಮೆಂಟನ್ನು ಪ್ರತಿ ಸರ್ವೀಸಿಗೂ ಮಾಡಿಸಬೇಕಿಲ್ಲ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತಿದ್ದರೆ, ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ, ಚಕ್ರ ಗಟ್ಟಿಯಾಗಿ ಎಲ್ಲಾದರೂ ಬಡಿದಿದ್ದರೆ, ಸಸ್ಪೆನ್ಷನ್ನಿನ ಭಾಗ ಬದಲಾಗಿದ್ದರೆ ಮಾಡಿಸಿ. ಅದಕ್ಕೂ ಮುಂಚೆ ಟೈರನ್ನೇ ಕೇಳಬಹುದು. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಎಂಜಿನ್ ಆಫ್ ಮಾಡಿ, ಹೊರಗೆ ಚಾಚಿದ ಮುಂದಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನ ಹಾಗೆ ಕಚ್ಚುತ್ತಿದ್ದರೆ, ಅಥವಾ ಇದರ ತಿರುಗುಮುರುಗಾಗಿದ್ದರೆ, ಚಕ್ರಗಳು ನೇರ ಉರುಳುತ್ತಿಲ್ಲ, ಓರೆಯಾಗಿ ತಿಕ್ಕಿಕೊಂಡು ಹೋಗುತ್ತಿವೆ. ಅಂಚು ಎರಡೂ ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಸವೆದಿದ್ದರೆ ಗಾಳಿ ಜಾಸ್ತಿ.

ಮೈಲೇಜ್ ಇಳಿದದ್ದಕ್ಕೂ ನಾನು ಮೊದಲು ನೋಡುವುದು ಗಾಳಿಯನ್ನೇ. ಕ್ರಾಸ್‌ಓವರ್ ಅಂದರೆ ಒಳಗಿನ ಮೂಳೆ ಕಾರಿನದೇ, ಮೇಲೆ ಎತ್ತರ ಮತ್ತು ತೂಕ ಸೇರಿಕೊಂಡಿದೆ, ಟೈರು ದೊಡ್ಡದಾಗಿದೆ. ಆ ತೂಕದ ಬಿಲ್ಲು ಬರುವುದು ಟೈರು, ಬ್ರೇಕು, ಸಸ್ಪೆನ್ಷನ್ ಮೂರರ ಲೆಕ್ಕದಲ್ಲಿ. ಎಷ್ಟು ಗಾಳಿ ಇಡಬೇಕೆಂಬುದು ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ, ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವುದು ಆ ಟೈರು ತಡೆಯುವ ಗರಿಷ್ಠ, ಅಷ್ಟು ತುಂಬಿಸಬೇಕು ಎಂದಲ್ಲ. ಅಳೆಯುವುದು ಟೈರು ತಣ್ಣಗಿರುವಾಗ. ಹೊರಗಿನ ತಾಪ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದು ಪಿಎಸ್‌ಐ ಇಳಿಯುತ್ತದೆ. ಚಳಿ ಶುರುವಾದಾಗ ಮೈಲೇಜ್ ಬೀಳುವುದಕ್ಕೆ ಇದೂ ಒಂದು ಕಾರಣ. ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಬರುತ್ತದಲ್ಲ ಎಂದು ಕಾಯಬೇಡಿ. ಅಮೆರಿಕದ ನಿಯಮವೇ ಆ ದೀಪ ಹೊತ್ತಲು ಶೇ. 25ರಷ್ಟು ಇಳಿಕೆಯ ತನಕ ಅವಕಾಶ ಕೊಡುತ್ತದೆ. ಅಷ್ಟು ಇಳಿಯುವ ಹೊತ್ತಿಗೆ ಪೆಟ್ರೋಲೂ ಟೈರೂ ಎರಡೂ ಕರಗಿರುತ್ತವೆ. ಅದೇ ಚೀಟಿಯಲ್ಲಿ ಪೂರ್ತಿ ಹೊರೆಗೆ ಬೇರೆ ಅಂಕಿ ಇದ್ದರೆ, ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಹೆಚ್ಚು, ರಜೆಗೆ ಹೊರಡುವ ಮುನ್ನ ಅದನ್ನು ಪಾಲಿಸಿ. ಬೇಕಿಲ್ಲದಾಗ ಚಾವಣಿಯ ಮೇಲಿನ ಲಗೇಜ್ ರ‍್ಯಾಕ್ ಕಳಚಿಡಿ. ಗಾಳಿಗೆ ಅಡ್ಡ ನಿಂತು ಅದೂ ಮೈಲೇಜ್ ತಿನ್ನುತ್ತದೆ. ಇವೆಲ್ಲ ಸರಿಯಿದ್ದೂ ಮೈಲೇಜ್ ಬಾರದಿದ್ದರೆ ಏರ್ ಫಿಲ್ಟರ್ ನೋಡಿ, ಗಾಡಿಯನ್ನು ತಳ್ಳಿದರೆ ಸಲೀಸಾಗಿ ಉರುಳುತ್ತದೆಯೇ ನೋಡಿ. ಕಡಿಮೆ ಓಡುವ ಗಾಡಿಗಳಲ್ಲಿ ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ ತುಕ್ಕಿಗೆ ಹಿಡಿದುಕೊಂಡು ಪ್ಯಾಡು ಸದಾ ಉಜ್ಜುತ್ತಿರುವುದುಂಟು. ಓಡಿಸಿ ಬಂದ ಮೇಲೆ ಒಂದು ಚಕ್ರದ ಬಳಿ ಮಾತ್ರ ಝಳ ಹೊಡೆದರೆ ಅದೇ. ಕೈ ಹತ್ತಿರ ಹಿಡಿದರೆ ಸಾಕು, ಡಿಸ್ಕ್ ಮುಟ್ಟಬೇಡಿ.

ಆ ಕಟಕಟ ಸದ್ದಿಗೆ ಗ್ಯಾರೇಜಿಗೆ ಹೋಗುವ ಮುನ್ನ ಮನೆಯಲ್ಲೇ ಒಂದಿಷ್ಟು ಪತ್ತೆ ಮಾಡಬಹುದು. ಮೊದಲು ಗಾಡಿ ಖಾಲಿ ಮಾಡಿ: ಸೀಟಿನ ಕೆಳಗಿನ ನೀರಿನ ಬಾಟಲಿ, ಬಾಗಿಲ ಜೇಬಿನ ಆಟಿಕೆ, ಡಿಕ್ಕಿಯ ಜಾಕು. ಹೆಂಗಸರು ಸದ್ದಿನ ದೂರು ಹೇಳಿದರೆ ‘ಏನೋ ಉರುಳಾಡುತ್ತಿರಬೇಕು ಮೇಡಂ’ ಎನ್ನುವ ಅಡ್ವೈಸರುಗಳ ಬಾಯಿಗೆ ಇದರಿಂದ ಬೀಗವೂ ಬೀಳುತ್ತದೆ. ಆಮೇಲೆ ಸದ್ದು ಬರುವ ಜಾಗದಲ್ಲಿ ನಿಧಾನ ಹೋಗುತ್ತಾ ಬ್ರೇಕನ್ನು ಲಘುವಾಗಿ ಒತ್ತಿ. ಸದ್ದು ನಿಂತರೆ ಅದು ಬ್ರೇಕ್ ಪ್ಯಾಡಿನ ಅಲುಗಾಟ. ನಿಲ್ಲದಿದ್ದರೆ ರಸ್ತೆ ಉಬ್ಬನ್ನು ಎರಡೂ ಮುಂದಿನ ಚಕ್ರ ಒಟ್ಟಿಗೇ ಹತ್ತುವ ಹಾಗೆ ನೇರ ದಾಟಿಸಿ, ಮತ್ತೆ ಒಂದೇ ಚಕ್ರ ಏರಿಳಿಯುವಂಥ ಕಡೆ ಓಡಿಸಿ. ಎರಡೂ ಒಟ್ಟಿಗೆ ಏರಿದಾಗ ಮೌನ, ಒಂದೇ ಏರಿದಾಗ ಕಟಕಟ ಅಂದರೆ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡು ಅಥವಾ ಅದರ ಬುಷ್ ಎಂದು ಬಹುಮಟ್ಟಿಗೆ ಹೇಳಬಹುದು. ಎರಡು ಚಕ್ರದ ನಡುವಿನ ಆ ಸರಳು ತಿರುಚಿಕೊಳ್ಳುವುದು ಚಕ್ರಗಳು ಬೇರೆ ಬೇರೆ ಎತ್ತರದಲ್ಲಿದ್ದಾಗ ಮಾತ್ರ. ಲಿಂಕ್ ರಾಡು ಚಿಕ್ಕ ಕೆಲಸ. ಎರಡೂ ಷಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದರೆ ಆಯಿಲ್ ಸೋರಿರುವುದನ್ನು ತೋರಿಸಿ ಎಂದು ಕೇಳಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಟಕ್ ಎಂದರೆ ಬೇರೆ ಕಥೆ, ಅದು ಸ್ಟ್ರಟ್‌ನ (ಷಾಕ್ ಅಬ್ಸಾರ್ಬರ್ ಇರುವ ಕಂಬದ) ಮೇಲ್ತುದಿಯ ಮೌಂಟ್ ಅಥವಾ ಬೇರಿಂಗ್ ಇರಬಹುದು. ವೇಗ ಹೆಚ್ಚಿದಂತೆ ಹೆಚ್ಚುವ, ತಿರುವಿನಲ್ಲಿ ದನಿ ಬದಲಿಸುವ ಗುಂಯ್ ಎಂಬ ಸದ್ದು ವೀಲ್ ಬೇರಿಂಗಿನದು.

ನಿಮ್ಮ ವಾರಂಟಿ ಮೂರು ವರ್ಷದ್ದಾದರೆ ಈ ಸದ್ದನ್ನು ಈ ವಾರವೇ ಜಾಬ್ ಕಾರ್ಡಿನಲ್ಲಿ ಬರೆಸಿ, ಮೆಕ್ಯಾನಿಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ಕೇಳಿಸಿ, ಕಾಪಿ ಇಟ್ಟುಕೊಳ್ಳಿ. ವಾರಂಟಿಯೊಳಗೆ ದಾಖಲಾದ ದೂರಿಗೂ ಮುಗಿದ ಮರುದಿನ ಹೇಳಿದ ದೂರಿಗೂ ಕೌಂಟರಿನಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಎಸಿ ವಾಸನೆ ಬರುವುದು ಡ್ಯಾಶ್‌ಬೋರ್ಡಿನ ಒಳಗಿದ್ದು ಗಾಳಿಯನ್ನು ತಂಪು ಮಾಡುವ ಇವಾಪರೇಟರ್‌ನಿಂದ. ತಂಪಾದ ಅದರ ರೆಕ್ಕೆಗಳ ಮೇಲೆ ನೀರು ಹನಿಗಟ್ಟುತ್ತದೆ, ಚಿಕ್ಕ ಓಟದ ಕೊನೆಗೆ ಎಲ್ಲ ಆಫ್ ಮಾಡಿದರೆ ಆ ನೀರು ಕತ್ತಲಲ್ಲಿ ಹಾಗೇ ಉಳಿದು ಬೂಷ್ಟು ಹಿಡಿಯುತ್ತದೆ. ಮನೆ ತಲುಪುವ ಎರಡು ಮೂರು ನಿಮಿಷ ಮುಂಚೆ ಎಸಿ ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಜೋರಾಗಿ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಕ್ಯಾಬಿನ್ ಫಿಲ್ಟರ್ ಅನ್ನು ನೀವೇ ಬದಲಿಸಬಹುದು. ಬಹಳ ಗಾಡಿಗಳಲ್ಲಿ ಗ್ಲವ್ ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕೆಗಳನ್ನು ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಜೋತುಬೀಳುತ್ತದೆ, ಹಿಂದೆ ಚಪ್ಪಟೆ ಮುಚ್ಚಳ, ಅದರೊಳಗೆ ಫಿಲ್ಟರ್. ಹಳೆಯದನ್ನು ಅಲುಗಿಸದೆ ಎಳೆಯಿರಿ, ಇಲ್ಲದಿದ್ದರೆ ಎಲೆಚೂರು, ಧೂಳೆಲ್ಲ ಫ್ಯಾನಿಗೆ ಬೀಳುತ್ತದೆ. ಹೊಸದರ ಅಂಚಿನ ಮೇಲಿನ ಬಾಣದ ಗುರುತು ಹಳೆಯದರ ದಿಕ್ಕಿಗೇ ಇರಲಿ. ಇಷ್ಟಕ್ಕೂ ವಾಸನೆ ಹೋಗದಿದ್ದರೆ ಡಿಸ್‌ಇನ್ಫೆಕ್ಷನ್ ಮಾಡಿಸಬಹುದು, ಆದರೆ ಇವಾಪರೇಟರ್ ಮೇಲೆಯೇ ನೊರೆ ಸಿಂಪಡಿಸುತ್ತೀರಾ ಎಂದು ಕೇಳಿಕೊಂಡು. ಒಳಗೆ ಸೆಂಟು ಹೊಡೆದು ಬಾಗಿಲು ಮುಚ್ಚುವುದಕ್ಕೆ ದುಡ್ಡು ಕೊಡಬೇಡಿ. ಇನ್ನೊಂದು ಮಾತು: ಗಾಡಿ ತುಂಬ ಜನರಿದ್ದಾಗ ಒಳಗಾಳಿಯನ್ನೇ ತಿರುಗಿಸುವ ಬಟನ್ ಗಂಟೆಗಟ್ಟಲೆ ಒತ್ತಿಡಬೇಡಿ. ಇಂಗಾಲದ ಡೈ ಆಕ್ಸೈಡ್ ಏರಿ ಡ್ರೈವರಿಗೆ ತೂಕಡಿಕೆ ಬರುತ್ತದೆ.

ಮುಂದಿನ ಪ್ರಯಾಣಿಕರ ಕಾಲ ಬಳಿ ಕಾರ್ಪೆಟ್ ಒದ್ದೆಯಾಗಿದ್ದರೆ ಎಸಿ ನೀರು ಹೋಗುವ ಕೊಳವೆ ಕಟ್ಟಿದೆ. ದೊಡ್ಡ ಸನ್‌ರೂಫ್ ಇದ್ದರೆ ಅದರ ಮೂಲೆಗಳ ನೀರಿನ ರಂಧ್ರಗಳೂ ಕಟ್ಟಿರಬಹುದು. ಮಳೆಗಾಲಕ್ಕೆ ಮುಂಚೆ ಅಲ್ಲಿಗೆ ಒಂದು ಲೋಟ ನೀರು ನಿಧಾನ ಸುರಿದು ನೋಡಿ, ಅದು ಗಾಡಿಯ ಕೆಳಗೆ ಹರಿದು ಬರಬೇಕು.

ಮಕ್ಕಳಿರುವ ಗಾಡಿ ಎಂದಿದ್ದೀರಿ, ಅದಕ್ಕೊಂದು ಎಚ್ಚರಿಕೆ. ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿದರೆ ಸಾಮಾನ್ಯವಾಗಿ ಹಳದಿ ಬಣ್ಣದ ವೈರ್ ಕನೆಕ್ಟರ್ ಕಾಣುತ್ತದೆ, ಅದು ಪಕ್ಕದ ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ಬಿಗಿಯುವ ಸಾಧನದ್ದು. ಹಿಂದೆ ಕೂತ ಮಕ್ಕಳು ಸ್ಕೂಲ್ ಬ್ಯಾಗನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತಾ ತಳ್ಳುತ್ತಾ ಆ ಕನೆಕ್ಟರ್ ಸಡಿಲಿಸಿ ಏರ್‌ಬ್ಯಾಗ್ ದೀಪ ಹೊತ್ತಿಸುವುದು ಎಲ್ಲ ಗ್ಯಾರೇಜುಗಳೂ ಕಂಡಿರುವ ಕಥೆ. ಆ ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು, ಒಂದು ದಿನವೂ ತಡಮಾಡಬೇಡಿ. ಕನೆಕ್ಟರನ್ನು ನೀವು ಕಿತ್ತು ಹಾಕಿ ಮಾಡಬೇಡಿ, ತಿಳಿದವರೇ ಮುಟ್ಟಲಿ.

ಗೇರ್‌ಬಾಕ್ಸ್ ವಿಷಯದಲ್ಲಿ ನಿಮ್ಮ ಯಜಮಾನರದೇ ಸರಿ, ಈಗೇನೂ ಬೇಡ. ಆದರೆ ಆಟೋಮ್ಯಾಟಿಕ್ ಎಂದಷ್ಟೇ ಬರೆದಿದ್ದೀರಿ. ಅದರಲ್ಲಿ ಬೇರೆ ಬೇರೆ ಬಗೆಗಳಿವೆ. ನಿಮ್ಮದು ಟಾರ್ಕ್ ಕನ್ವರ್ಟರೋ, ಸಿವಿಟಿಯೋ, ಡ್ಯುಯಲ್ ಕ್ಲಚ್ಚೋ ತಿಳಿದುಕೊಳ್ಳಿ, ಯಾಕೆಂದರೆ ಮೂರಕ್ಕೂ ಫ್ಲೂಯಿಡ್ ಬೇರೆ, ಒಂದರದು ಇನ್ನೊಂದಕ್ಕೆ ಬಿದ್ದರೆ ಗೇರ್‌ಬಾಕ್ಸ್ ಹೋದಂತೆಯೇ. ‘ಲೈಫ್‌ಟೈಮ್ ಫ್ಲೂಯಿಡ್, ಬದಲಿಸುವುದೇ ಬೇಡ’ ಎಂಬ ಮಾತನ್ನು ಹತ್ತು ವರ್ಷ ಇಟ್ಟುಕೊಳ್ಳುವವರು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಕಂಪನಿ ಗಡುವು ಹೇಳದಿದ್ದರೆ 60,000 ಕಿ.ಮೀ. ಸುಮಾರಿಗೆ ನಾನಾದರೆ ಬದಲಿಸುತ್ತೇನೆ. ಡ್ಯುಯಲ್ ಕ್ಲಚ್ ಆದರೆ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸದೆ, ಮುಂದೆ ಸ್ವಲ್ಪ ಜಾಗ ಬಿಟ್ಟುಕೊಂಡು ಒಂದೇ ಸಲ ಸಾಗಿ. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ನಿಲ್ಲಿಸಬೇಡಿ, ಬ್ರೇಕ್ ಒತ್ತಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯಾದರೆ ಟೈರುಗಳನ್ನು ಒಂದೊಂದಾಗಿ ಬದಲಿಸುವ ಹಾಗಿಲ್ಲ. ಒಂದರ ಸುತ್ತಳತೆ ಹೆಚ್ಚಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಸೇರಿಸುವ ಕಪ್ಲಿಂಗ್ ಸದಾ ಎಳೆದಾಡಿಕೊಂಡು ಬಿಸಿಯೇರುತ್ತದೆ.

ಏಳೆಂಟು ವರ್ಷದ ಯೋಚನೆಗೆ ಎರಡು ಸಂಗತಿ ಈಗಲೇ ಗೊತ್ತಿರಲಿ. ನಿಮ್ಮ ಟೈರುಗಳು ಸವೆಯುವ ಮುಂಚೆ ಮುಪ್ಪಾಗುತ್ತವೆ. ಪಕ್ಕೆಯ ಮೇಲೆ ಡಾಟ್ (DOT) ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2322 ಅಂದರೆ 2022ರ 23ನೇ ವಾರ. ತೋಡು 1.6 ಮಿ.ಮೀ.ಗಿಂತ ಆಳ ಉಳಿದಿದ್ದರೂ ಪಕ್ಕೆಯಲ್ಲಿ ಬಿರುಕು ಕಂಡರೆ ಬದಲಿಸಿ. ಎರಡನೆಯದು, ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವುದು ಟೈಮಿಂಗ್ ಬೆಲ್ಟೋ ಚೈನೋ ಕೇಳಿಕೊಳ್ಳಿ. ಬೆಲ್ಟಾದರೆ ಅದಕ್ಕೂ ವರ್ಷದ ಗಡುವಿದೆ. ಆಯಿಲ್‌ನಲ್ಲೇ ಮುಳುಗಿ ತಿರುಗುವ ಬೆಲ್ಟಾದರೆ ಪೆಟ್ರೋಲ್ ಬೆರೆತ ಹಳೆ ಆಯಿಲ್ ಅದರ ರಬ್ಬರನ್ನೇ ತಿನ್ನುತ್ತದೆ, ಚೂರುಗಳು ಆಯಿಲ್ ಪಂಪಿಗೆ ಹೋಗುತ್ತವೆ. ಆಗ ಆರು ತಿಂಗಳ ಆಯಿಲ್‌ನಲ್ಲಿ ಯಾವ ರಾಜಿಯೂ ಇಲ್ಲ.

ಮುಂದುವರಿದ ವಾರಂಟಿ ಕೊಳ್ಳುವ ಮಾತು ಬಂದರೆ, ಟರ್ಬೊ ಮತ್ತು ಆಟೋಮ್ಯಾಟಿಕ್ ಎರಡೂ ಇರುವ ಗಾಡಿಗೆ ನಾನು ಕೊಳ್ಳುತ್ತೇನೆ. ಸಹಿ ಹಾಕುವ ಮುನ್ನ ಸರ್ವೀಸ್ ಗಡುವಿನ ಷರತ್ತು ಓದಿ: ಕಿ.ಮೀ. ಅಥವಾ ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ನಿಮ್ಮ ಗಾಡಿಗೆ ಯಾವಾಗಲೂ ತಿಂಗಳೇ ಮೊದಲು ಬರುತ್ತದೆ, ಸರ್ವೀಸ್ ಒಂದೇ ಒಂದು ಸಲ ತಪ್ಪಿದ್ದರೂ ಕ್ಲೇಮ್ ತಳ್ಳಿಹಾಕಲು ಅವರಿಗೆ ಅಷ್ಟು ನೆಪ ಸಾಕು.